ಕೋವಿಯ ಹೊಣೆ ಹೊತ್ತ ಜಿಮ್ ಕಾರ್ಬೆಟ್

ಕೇದಾರದ ಹಾದಿ ಕನ್ನಡ ನಾಡಿನ ಶಿವಭಕ್ತರಿಗೆ ಅಪರಿಚಿತವಾದುದಲ್ಲ. ಆ ದೇವಾಲಯದ ರಾವಲರ ಸ್ಥಾನವನ್ನು ಇಲ್ಲಿಂದ ಹೋದ ವೀರಶೈವ ಜಂಗಮರು ಪರಂಪರಾನುಗತವಾಗಿ ನಿರ್ವಹಿಸಿಕೊಂಡು ಬಂದಿದ್ದಾರೆ. ಊಖೀಮಠದಲ್ಲಿ ಹಿಮವತ್ಕೇದಾರ ಪೀಠವು ನೆಲೆಗೊಂಡಿದೆ. ಹರಿದ್ವಾರದಿಂದ ಮೇಲೇರುವ ಯಾತ್ರಿಕನು ಅಲಕನಂದಾ ಮತ್ತು ಮಂದಾಕಿನೀ ನದಿಗಳು ಕೂಡುವ ರುದ್ರಪ್ರಯಾಗವನ್ನು ಮುಟ್ಟಿದಾಗ ಹಾದಿ ಎರಡಾಗಿ ಕವಲೊಡೆಯುತ್ತದೆ: ಒಂದು ಬದರಿಗೆ, ಇನ್ನೊಂದು ಕೇದಾರಕ್ಕೆ. ಯಾತ್ರೆಯೆಲ್ಲವೂ ಕಾಲ್ನಡಿಗೆಯಲ್ಲಿಯೇ ಸಾಗುತ್ತಿದ್ದ ಕಾಲದಲ್ಲಿ, 1918ರಿಂದ 1926ರವರೆಗೆ, ಈ ಸಂಗಮದ ಸುತ್ತಣ ಸುಮಾರು 500 ಚದರ ಮೈಲಿಗಳ ಪ್ರದೇಶದಲ್ಲಿ ಒಂದೇ ಒಂದು ಚಿರತೆ 125 ಮಂದಿಯನ್ನು ಕೊಂದಿತೆಂದು ಸರ್ಕಾರದ ದಾಖಲೆ ಹೇಳುತ್ತದೆ. ಸೂರ್ಯಾಸ್ತವಾಯಿತೆಂದರೆ ಹಳ್ಳಿಗಳ ಕದಗಳು ಮುಚ್ಚಿಕೊಳ್ಳುತ್ತಿದ್ದವು. ದಾರಿಬದಿಯ ಹುಲ್ಲುಮಾಡಿನ ತಂಗುದಾಣಗಳಲ್ಲಿ ಇಳಿದುಕೊಂಡ ಯಾತ್ರಿಕರು ಉಸಿರು ಬಿಗಿಹಿಡಿದು ಬೆಳಗಾಗುವುದನ್ನು ಕಾಯುತ್ತಿದ್ದರು. ಆ ಭಯವನ್ನು ನೀಗಿಸಿದವರು ಜಿಮ್ ಕಾರ್ಬೆಟ್ಟರು.

ಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಬೇಟೆಗಾರನೊಬ್ಬನ ಚರಿತ್ರೆಗೆ ಏನು ಸ್ಥಾನವೆಂದು ಕೆಲವರು ಕೇಳಬಹುದು. ಆ ಪ್ರಶ್ನೆ ಅನುಚಿತವೇನೂ ಅಲ್ಲ. ಸಕಲ ಜೀವಿಗಳಲ್ಲಿಯೂ ದಯೆಯಿರಬೇಕೆಂದು ಸಾರಿದ ಶರಣರ ನಾಡಿನಲ್ಲಿ ಕೋವಿಯನ್ನು ಕೊಂಡಾಡುವುದು ನಮಗೆ ಸಲ್ಲದು. ಕಾರ್ಬೆಟ್ಟರು ಕೊಂದ ಮೃಗಗಳ ಲೆಕ್ಕವನ್ನು ಇಲ್ಲಿ ಒಪ್ಪಿಸುವ ಉದ್ದೇಶವೂ ಈ ಲೇಖಕನಿಗೆ ಇಲ್ಲ. ಆಯುಧವನ್ನು ಕೈಯಲ್ಲಿ ಹಿಡಿದವನು ಯಾರಿಗೆ ಉತ್ತರವಾದಿ, ಆ ಉತ್ತರವಾದಿತ್ವ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಅವರ ಬಾಳಿನಲ್ಲಿ ದೊರೆಯುವ ಉತ್ತರವಷ್ಟೇ ಇಲ್ಲಿನ ಪ್ರಸ್ತುತ ವಿಷಯ.

ಎಡ್ವರ್ಡ್ ಜೇಮ್ಸ್ ಕಾರ್ಬೆಟ್ಟರು 1875ನೆಯ ಜುಲೈ 25ರಂದು ನೈನಿತಾಲಿನಲ್ಲಿ ಜನಿಸಿದರು. ಮನೆತನ ಐರಿಷ್ ಮೂಲದ್ದು. ತಂದೆ ಕ್ರಿಸ್ಟೋಫರ್ ವಿಲಿಯಂ ಕಾರ್ಬೆಟ್ಟರು ಆ ಊರಿನ ಪೋಸ್ಟ್‌ಮಾಸ್ಟರ್ ಆಗಿದ್ದರು. 1881ರಲ್ಲಿ ಅವರು ತೀರಿಕೊಂಡಾಗ ದೊಡ್ಡ ಸಂಸಾರದ ಭಾರವೆಲ್ಲ ತಾಯಿ ಮೇರಿ ಜೇನ್ ಅವರ ಮೇಲೂ ಹಿರಿಯ ಮಗ ಟಾಮ್‌ನ ಮೇಲೂ ಬಿದ್ದಿತು. ಬೇಸಗೆಯಲ್ಲಿ ನೈನಿತಾಲು, ಚಳಿಗಾಲದಲ್ಲಿ ಬೆಟ್ಟದ ಬುಡದ ಕಾಲಾಢುಂಗಿ. ಹೀಗೆ ಎರಡು ಊರುಗಳ ನಡುವೆ ಆ ಮಕ್ಕಳು ಬೆಳೆದರು. ಆಳುವ ಜನಾಂಗಕ್ಕೆ ಸೇರಿದ್ದರೂ ಅವರು ಇಲ್ಲಿಯೇ ಹುಟ್ಟಿ, ಇಲ್ಲಿಯ ಮಾತನ್ನಾಡಿ, ಇಲ್ಲಿಯ ಹಳ್ಳಿಗರೊಡನೆ ಬೆರೆತು ಬಾಳಿದವರು. ಮುಂದೆ ಕುಮಾವೂನಿನ ಜನರ ಬಾಯಲ್ಲಿ ಅವರ ಹೆಸರು ಕಾರ್ಪೆಟ್ ಸಾಹೇಬ ಎಂದಾಯಿತು.

ಬಾಲಕ ಜಿಮ್‌ನ ಕೈಗೆ ಬಂದ ಮೊದಲ ಕೋವಿ ಹೊಸದೂ ಅಲ್ಲ, ಸುಸ್ಥಿತಿಯದೂ ಅಲ್ಲ. ಕುಮಾವೂನಿನ ಪಕ್ಷಿಗಳ ವಿಷಯವಾಗಿ ಗ್ರಂಥ ರಚಿಸುತ್ತಿದ್ದ ಸ್ಟೀಫನ್ ಡೀಸ್ ಎಂಬವರಿಗೆ ಹುಡುಗನು ಹಕ್ಕಿಗಳನ್ನು ಸಂಗ್ರಹಿಸಿಕೊಟ್ಟಿದ್ದನು. ಅದಕ್ಕಾಗಿ ಅವರು ತಮ್ಮ ಹಳೆಯ ಜೋಡುನಳಿಗೆಯ ಮದ್ದುಕೋವಿಯನ್ನು ಕೊಟ್ಟರು. ಅದರ ಒಂದು ನಳಿಗೆ ಸೀಳಿತ್ತು, ಮುರಿದ ಹಿಡಿಯನ್ನು ಹಿತ್ತಾಳೆಯ ತಂತಿಯಿಂದ ಬಿಗಿಯಲಾಗಿತ್ತು. ಮದ್ದು ದುಬಾರಿ, ಮನೆಯಲ್ಲಿ ಹಣವಿಲ್ಲ. ಆದುದರಿಂದ ಒಂದೊಂದು ಈಡಿಗೂ ಮೊದಲು ಯೋಚಿಸುವುದು ಆ ಹುಡುಗನಿಗೆ ಅಭ್ಯಾಸವಾಯಿತು. ನೆರೆಹಳ್ಳಿಯ ಮುಖಂಡ ಕುಂವರ್ ಸಿಂಗ್ ಅವನ ವನಗುರು. ಕೋವಿ ಕೈಗೆ ಬಂದ ಮೇಲೆ ಹುಡುಗನು ಇನ್ನು ಹುಡುಗನಲ್ಲವೆಂದೂ, ಕಾಡಿನೊಳಗೆ ಎಲ್ಲಿ ಬೇಕಾದರೂ ಹೋಗಬಹುದೆಂದೂ ಹೇಳಿದ ಆತ, ಅದಕ್ಕೆ ಮೊದಲು ಮರ ಹತ್ತುವುದನ್ನು ಚೆನ್ನಾಗಿ ಕಲಿಯಬೇಕೆಂದು ವಿಧಿಸಿದನು. ಕೋವಿಯ ಬಲವನ್ನೇ ನಂಬಿ ಕಾಡಿಗೆ ಹೋಗಬಾರದೆಂಬ ಪಾಠ ಅದರಲ್ಲಿ ಅಡಗಿತ್ತು.

ಶಾಲೆಯ ಕೆಡೆಟ್ ದಳದಲ್ಲಿದ್ದಾಗ ಅಲ್ಲಿಯ ಸಾರ್ಜೆಂಟ್ ಮೇಜರರು ಹತ್ತು ವರ್ಷದ ಜಿಮ್‌ಗೆ ಚಳಿಗಾಲದ ರಜೆಯಲ್ಲಿ ಒಂದು ಸರ್ಕಾರಿ ರೈಫಲನ್ನು ಎರವಲು ಕೊಟ್ಟರು. ಎರಡು ಷರತ್ತುಗಳಿದ್ದವು: ರೈಫಲನ್ನು ಸದಾ ಶುಚಿಯಾಗಿಟ್ಟುಕೊಂಡಿರಬೇಕು, ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ಹಿಂದಿರುಗಿಸಬೇಕು. ಆ ರೈಫಲಿನಿಂದಲೇ ಅವನು ತನ್ನ ಮೊದಲ ಚಿರತೆಯನ್ನು ಹೊಡೆದನು. ಗುಂಡು ತಗುಲಿದ ಚಿರತೆ ಅವನ ತಲೆಯ ಮೇಲಿಂದಲೇ ಹಾರಿಹೋಯಿತು. ನೆತ್ತರ ಹನಿಗಳು ಮೈಮೇಲೆ ಬಿದ್ದವು. ಗಾಯಗೊಂಡ ಮೃಗವನ್ನು ಬಿಟ್ಟು ಮನೆಗೆ ಮರಳುವುದು ಸುಲಭವಾಗಿತ್ತು. ಅವನು ಮರಳಲಿಲ್ಲ. ನೆತ್ತರ ಜಾಡನ್ನು ಹಿಡಿದು ಪೊದೆಗಳ ನಡುವೆ ಹುಡುಕುತ್ತ ಹೋಗಿ, ಅದರ ನೋವನ್ನು ಮುಗಿಸಿಯೇ ಹಿಂದಿರುಗಿದನು. ಹತ್ತು ವರ್ಷದ ಮಗುವಿಗೆ ಇಷ್ಟು ದೊಡ್ಡ ಆಯುಧವನ್ನು ಒಪ್ಪಿಸಿದ್ದನ್ನು ಇಂದಿನ ಯಾವ ಅಧ್ಯಾಪಕರೂ ಮೆಚ್ಚಲಾರರು, ಮೆಚ್ಚಬೇಕಾಗಿಯೂ ಇಲ್ಲ. ಆದರೆ ಲೆಕ್ಕ ಒಪ್ಪಿಸಬೇಕೆಂಬ ಷರತ್ತಿನೊಡನೆ ಕೊಟ್ಟ ಆಯುಧವು ಲೆಕ್ಕವಿಲ್ಲದೆ ಕೊಟ್ಟ ಆಯುಧಕ್ಕಿಂತ ಬೇರೆಯೇ ಪಾಠ ಕಲಿಸುತ್ತದೆಂಬುದು ಅವರ ಮುಂದಿನ ಬಾಳಿನಿಂದ ಸ್ಪಷ್ಟವಾಗುತ್ತದೆ.

ಶಾಲೆ ಮುಗಿಯುತ್ತಲೇ ದುಡಿಮೆ ಅನಿವಾರ್ಯವಾಯಿತು. ಮೊದಲು ಬಂಗಾಳ ಮತ್ತು ವಾಯವ್ಯ ರೈಲ್ವೆಯಲ್ಲಿ ಸೌದೆಯ ಮೇಲ್ವಿಚಾರಣೆ. ಬಳಿಕ ಗಂಗಾತೀರದ ಮೊಕಾಮೆ ಘಾಟಿನಲ್ಲಿ ಬ್ರಾಡ್‌ಗೇಜ್ ಮತ್ತು ಮೀಟರ್‌ಗೇಜ್ ರೈಲುಗಳ ನಡುವೆ ಸರಕು ಸಾಗಿಸುವ ಗುತ್ತಿಗೆ. ಅಲ್ಲಿ ಇಪ್ಪತ್ತು ವರ್ಷಗಳಿಗೂ ಮೀರಿ ಅವರು ಕಾಯಕ ನಡೆಸಿದರು. ಕಾಯಕವೆಂಬ ನಮ್ಮ ಮಾತನ್ನು ಬೇಕೆಂದೇ ಬಳಸಿದ್ದೇನೆ. ಆರಂಭದ ದಿನಗಳಲ್ಲಿ ಗುತ್ತಿಗೆದಾರನಾದ ತಾನೂ ಕೂಲಿಯವರೊಡನೆ ನಿಂತು ಮೂಟೆ ಹೊತ್ತವರು ಅವರು. ರೈಲ್ವೆಯಿಂದ ಹಣ ಬರುವುದು ತಿಂಗಳುಗಟ್ಟಲೆ ತಡವಾಗಿ ಕೂಲಿಗಳು ಅರೆಹೊಟ್ಟೆಯಲ್ಲಿದ್ದಾಗ ತಾವೂ ಒಪ್ಪೊತ್ತಿನ ಊಟದಲ್ಲಿ ಕಾಲ ಕಳೆದರು.

ವಿದ್ಯಾಸಂಸ್ಥೆಯ ಹಿತೈಷಿಗಳಾದ ವಾಚಕರಿಗೆ ಮೊಕಾಮೆಯ ಶಾಲೆಯ ಸಂಗತಿ ರುಚಿಸೀತು. ಸ್ಟೇಷನ್ ಮಾಸ್ಟರ್ ರಾಮಶರಣರೊಡಗೂಡಿ ಕಾರ್ಬೆಟ್ಟರು ಕೂಲಿಗಳ ಮಕ್ಕಳಿಗಾಗಿ ಇಪ್ಪತ್ತು ಹುಡುಗರ ಒಂದು ಶಾಲೆಯನ್ನು ತೆರೆದರು. ಮೊದಲ ದಿನವೇ ಜಾತಿಯ ಅಡ್ಡಗೋಡೆ ಎದುರಾಯಿತು. ಕೆಳಜಾತಿಯ ಮಕ್ಕಳೊಡನೆ ಮೇಲ್ಜಾತಿಯ ಮಕ್ಕಳು ಒಂದೇ ಗುಡಿಸಲಿನೊಳಗೆ ಕುಳಿತುಕೊಳ್ಳುವಂತಿಲ್ಲ. ರಾಮಶರಣರು ಗುಡಿಸಲಿನ ಗೋಡೆಗಳನ್ನೇ ತೆಗೆಯಿಸಿದರು. ಗೋಡೆಯಿಲ್ಲದ ಚಪ್ಪರದ ಕೆಳಗೆ ಯಾರು ಯಾರೊಡನೆ ಕುಳಿತರೂ ದೋಷವಿಲ್ಲವೆಂದಾಯಿತು. ಆ ಶಾಲೆ ಬೆಳೆದು 200 ಹುಡುಗರದಾಯಿತು. ಬಳಿಕ ಸರ್ಕಾರವೇ ಅದರ ಖರ್ಚನ್ನು ವಹಿಸಿಕೊಂಡು ರಾಮಶರಣರಿಗೆ ರಾಯ್ ಸಾಹೇಬ್ ಬಿರುದನ್ನಿತ್ತಿತು. ಅನುಭವ ಮಂಟಪದ ಆದರ್ಶವನ್ನು ಓದಿ ಬೆಳೆದ ನಮಗೆ ರಾಮಶರಣರ ಈ ಉಪಾಯ ನಗು ತರಿಸಿದರೂ, ಆ ಚಪ್ಪರವನ್ನು ಚಿಕ್ಕದೆಂದು ಎಣಿಸುವಂತಿಲ್ಲ.

ಅದೇ ಘಾಟಿನಲ್ಲಿ ನಡೆದ ಇನ್ನೊಂದು ಸಂಗತಿಯಲ್ಲಿ ಕೋವಿಯ ಪ್ರಸ್ತಾಪವೇ ಇಲ್ಲ. ಆದರೂ ಅದನ್ನು ಬಿಟ್ಟರೆ ಈ ಮನುಷ್ಯನ ಪರಿಚಯ ಅರ್ಧವಾದೀತು. ನದಿ ದಾಟಿ ಬಂದ ಉಗಿಹಡಗಿನಿಂದ ಇಳಿದ ಪ್ರಯಾಣಿಕರೆಲ್ಲ ಚದುರಿದ ಮೇಲೆ ಒಬ್ಬನು ಮಾತ್ರ ಹಿಂದುಳಿದನು. ಅವನಿಗೆ ಕಾಲರಾ ಬಡಿದಿತ್ತು. ಆ ದಿನಗಳಲ್ಲಿ ಕಾಲರಾ ಹಿಡಿದ ಅಪರಿಚಿತನ ಹತ್ತಿರ ಸುಳಿಯುವವರಾರು? ಕಾರ್ಬೆಟ್ಟರು ಅವನನ್ನು ತಮ್ಮ ಮನೆಗೆ ಕರೆದೊಯ್ದು ಶುಶ್ರೂಷೆ ಮಾಡಿ ಬದುಕಿಸಿಕೊಂಡರು. ಆತ ಒಬ್ಬ ಧಾನ್ಯದ ವ್ಯಾಪಾರಿ. ಪಾಲುದಾರನಿಂದ ಮೋಸಹೋಗಿ ಸರ್ವಸ್ವವನ್ನೂ ಕಳೆದುಕೊಂಡವನು. ಮತ್ತೆ ವ್ಯಾಪಾರ ಹೂಡಲು ಅವನಿಗೆ 500 ರೂಪಾಯಿ ಬೇಕಾಗಿತ್ತು. ತಮ್ಮ ಕೆಲವು ವರ್ಷಗಳ ಉಳಿತಾಯವೆಲ್ಲ ಹೋದೀತೆಂದು ತಿಳಿದೂ ಯಾವ ಪತ್ರ, ಯಾವ ಜಾಮೀನು ಇಲ್ಲದೆ ಕಾರ್ಬೆಟ್ಟರು ಆ ಹಣವನ್ನು ಕೊಟ್ಟರು. ವರ್ಷ ಕಳೆದಾಗ ಲಾಲಾಜಿ ಬಂದು ಹಣವನ್ನು ಹಿಂದಿರುಗಿಸಿದನು. ದಾಸೋಹಕ್ಕೆ ನಮ್ಮಲ್ಲಿ ಹೇಳುವ ಲಕ್ಷಣವೂ ಇದೇ ಅಲ್ಲವೆ? ಬಂದವನ ಕುಲಗೋತ್ರ ಕೇಳದೆ ಅವನ ಅವಸರವನ್ನು ಮಾತ್ರ ನೋಡುವುದು.

ನರಭಕ್ಷಕಗಳ ಬೆನ್ನು ಹತ್ತುವ ಕೆಲಸ ಅವರ ಪಾಲಿಗೆ ಬಂದದ್ದು 1907ರಲ್ಲಿ. ಚಂಪಾವತದ ಹೆಣ್ಣುಹುಲಿ ಅದಕ್ಕೆ ಮೊದಲು ನೇಪಾಳದಲ್ಲಿ 200 ಮಂದಿಯನ್ನು ಕೊಂದು, ಅಲ್ಲಿಂದ ಅಟ್ಟಿಸಿಕೊಂಡು ಕುಮಾವೂನಿಗೆ ಬಂದು ನಾಲ್ಕು ವರ್ಷಗಳಲ್ಲಿ ಇನ್ನೂ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತ್ತು. ಒಟ್ಟು ಸಂಖ್ಯೆ 436. ಅದನ್ನು ಹೊಡೆಯಬೇಕೆಂದು ಜಿಲ್ಲಾಧಿಕಾರಿ ಕೇಳಿಕೊಂಡಾಗ ಕಾರ್ಬೆಟ್ಟರು ಎರಡು ಷರತ್ತು ಹಾಕಿದರು. ಘೋಷಿಸಿದ ಬಹುಮಾನಗಳೆಲ್ಲ ರದ್ದಾಗಬೇಕು. ಕಾಡಿನಲ್ಲಿ ಅಲೆಯುತ್ತಿದ್ದ ಇತರ ಬೇಟೆಗಾರರೂ ಸಿಪಾಯಿಗಳೂ ಹಿಂದೆ ಸರಿಯಬೇಕು. ಬಹುಮಾನಕ್ಕಾಗಿ ಕೊಲ್ಲುವವರ ಸಾಲಿನಲ್ಲಿ ನಿಲ್ಲಲು ಅವರಿಗೆ ಮನಸ್ಸಿರಲಿಲ್ಲ. ಹತ್ತಾರು ಕೋವಿಗಳು ಅಡ್ಡಾಡುವ ಕಾಡಿನಲ್ಲಿ ಯಾರದೋ ಗುಂಡಿಗೆ ಬಲಿಯಾಗಲೂ ಇಷ್ಟವಿರಲಿಲ್ಲ.

ಪಾಲಿ ಎಂಬ ಹಳ್ಳಿಗೆ ಅವರು ಆರು ಜನ ಸಹಾಯಕರೊಡನೆ ಹೋದಾಗ ಐದು ದಿನಗಳಿಂದ ಅಲ್ಲಿನವರು ಹೊಸ್ತಿಲು ದಾಟಿರಲಿಲ್ಲ. ಮೊದಲ ರಾತ್ರಿ ಅವರು ಹೊರಗೆ ಒಂದು ಮರಕ್ಕೆ ಬೆನ್ನುಕೊಟ್ಟು ಕುಳಿತರು. ಆ ರಾತ್ರಿ ತಾವು ಎಷ್ಟು ಹೆದರಿದ್ದರೆಂಬುದನ್ನು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಳ್ಳಿಗರಿಗೆ ಧೈರ್ಯ ಬರಲೆಂದು ತಮ್ಮ ಗುರಿಯನ್ನು ತೋರಿಸಿದರು. ಗದ್ದೆಯಲ್ಲಿ ಜನ ಬೆಳೆ ಕೊಯ್ಯುವಾಗ ರೈಫಲು ಹಿಡಿದು ಕಾವಲು ನಿಂತರು. ಹುಲಿಯ ಬೇಟೆಗಿಂತ ಮೊದಲು ಕೊಯ್ಲು ನಡೆಯಿತು. ಹಸಿದ ಹಳ್ಳಿಗೆ ಅದೇ ಮೊದಲ ರಕ್ಷಣೆಯಾಗಿತ್ತು.

ಆ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಒಂದು ವರ್ಷದ ಹಿಂದೆ ಹುಲಿ ಅವಳ ಅಕ್ಕನನ್ನು ಹೊತ್ತೊಯ್ದಾಗ, ಕೈಯಲ್ಲಿದ್ದ ಕುಡುಗೋಲೊಂದನ್ನೇ ಹಿಡಿದು ಅವಳು ಅದರ ಹಿಂದೆ ಓಡಿದ್ದಳು. ಹುಲಿ ತಿರುಗಿ ನಿಂತು ಗರ್ಜಿಸಿತು. ಅವಳು ಜೀವ ಉಳಿಸಿಕೊಂಡು ಬಂದಳಾದರೂ ಆ ಕ್ಷಣದಿಂದ ಮಾತು ನಿಂತುಹೋಯಿತು. ನಮ್ಮ ನಾಡಿನವರಿಗೆ ಒನಕೆ ಹಿಡಿದ ಓಬವ್ವನ ಕಥೆ ಗೊತ್ತು. ಕುಡುಗೋಲು ಹಿಡಿದ ಈ ಹೆಸರಿಲ್ಲದ ತಂಗಿಯೂ ಅದೇ ಜಾತಿಯ ಧೀರೆ.

ಕೊನೆಯ ದಿನದ ಕಾರ್ಯಾಚರಣೆಗೆ ಚಂಪಾವತದ ತಹಸೀಲ್ದಾರರು ಜನರನ್ನು ಕೂಡಿಸಿದ ರೀತಿ ವಿಶೇಷವಾದದ್ದು. ಪರವಾನಗಿಯಿಲ್ಲದ ಕೋವಿಗಳನ್ನು ತಂದರೂ ತಾವು ಆ ದಿನ ಕಣ್ಣುಮುಚ್ಚಿಕೊಂಡಿರುವುದಾಗಿಯೂ, ಮದ್ದುಗುಂಡು ಇಲ್ಲದವರಿಗೆ ತಾವೇ ಒದಗಿಸುವುದಾಗಿಯೂ ಅವರು ಊರೂರಿಗೆ ಹೇಳಿಕಳುಹಿಸಿದರು. 298 ಜನ ಬಂದರು. ಅಟ್ಟದ ಮೇಲೆ, ಹುಲ್ಲಿನ ಬಣವೆಯೊಳಗೆ ಬಚ್ಚಿಟ್ಟಿದ್ದ ತರತರದ ಹಳೆಯ ನಾಡಕೋವಿಗಳು ಹೊರಬಂದವು. ಕೋವಿಯಿಲ್ಲದವರು ಕೊಡಲಿ, ಕತ್ತಿ, ಭರ್ಜಿಗಳನ್ನು ತಂದರು. ಬೆಟ್ಟದ ನೆತ್ತಿಯ ಮೇಲೆ ಅವರನ್ನು ಸಾಲಾಗಿ ನಿಲ್ಲಿಸಲಾಯಿತು. ಕಾರ್ಬೆಟ್ಟರು ತಮ್ಮ ಸ್ಥಳವನ್ನು ಮುಟ್ಟಿ ಸಂಕೇತ ಕೊಡುವ ಮೊದಲೇ ಮೇಲಿನಿಂದ ಕೂಗು, ಡೋಲು, ಗುಂಡಿನ ಸದ್ದುಗಳು ಎದ್ದವು. ಅವರು ಓಡಿಹೋಗಿ ಹುಲ್ಲಿನಲ್ಲಿ ಕುಳಿತುಕೊಳ್ಳಬೇಕಾಯಿತು. ಅವರ ಬಳಿ ಇದ್ದವು ಮೂರೇ ತೋಟಾಗಳು. ಮೂರೂ ಮುಗಿದಾಗ ಗಾಯಗೊಂಡ ಹುಲಿ ಇನ್ನೂ ನಿಂತೇ ಇತ್ತು. ಅವರು ಓಡಿಹೋಗಿ ತಹಸೀಲ್ದಾರರ ಕೋವಿಯನ್ನು ಕಿತ್ತುಕೊಂಡು ಬಂದರು. ನಳಿಗೆಗೂ ಅದರ ಹಿಂಬದಿಗೂ ನಡುವೆ ಸಂದು ಬಿಟ್ಟಿದ್ದ ಆ ಕೋವಿ ಸಿಡಿದರೆ ಹಾರಿಸುವವನ ಕಣ್ಣಿಗೇ ಅಪಾಯವಿತ್ತು. ಅದರ ಗುಂಡು ಗುರಿಯಾದ ಬಾಯನ್ನು ಬಿಟ್ಟು ಕಾಲಿಗೆ ತಗುಲಿತು. ಹುಲಿ ಸತ್ತದ್ದು ಮೊದಲಿನ ಗಾಯಗಳಿಂದಲೇ.

ಬೆಟ್ಟದಿಂದ ಇಳಿದು ಬಂದ ಜನಸಮೂಹದಲ್ಲಿ ಒಬ್ಬನ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಹುಲಿ ಕೊಂದಿತ್ತು. ಅವನೂ ಅವನ ಜೊತೆಯವರೂ ಆಯುಧಗಳನ್ನು ಝಳಪಿಸುತ್ತ ಆ ಕಳೇಬರವನ್ನು ಕಡಿದು ಚೂರುಮಾಡಬೇಕೆಂದು ನುಗ್ಗಿದರು. ಸ್ವಲ್ಪ ಹೊತ್ತಿನಲ್ಲಿ ರೋಷ ತಾನಾಗಿ ಇಳಿಯಿತು. ಹುಲಿಯ ಬಾಯನ್ನು ಬಿಡಿಸಿ ನೋಡಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೂ ಹೋಗಿತ್ತು. ಎಂದೋ ಯಾರೋ ಹೊಡೆದ ಗುಂಡಿನ ಗುರುತು ಅದು. ಹಲ್ಲು ಮುರಿದ ಹುಲಿಗೆ ತನ್ನ ಸಹಜವಾದ ಬೇಟೆ ಸಾಧ್ಯವಾಗದೆ ಅದು ಮನುಷ್ಯನ ಕಡೆಗೆ ತಿರುಗಿತ್ತು. 436 ಜೀವಗಳ ಹಿಂದೆ ಇದ್ದದ್ದು ಹೊಡೆದು ಹೊರಟುಹೋದ ಒಬ್ಬ ಅಜ್ಞಾತ ಬಂದೂಕುದಾರ.

ಹಿಂದಿರುಗುವ ದಾರಿಯಲ್ಲಿ ಕಾರ್ಬೆಟ್ಟರು ಆ ಮೂಕಿಯ ಮನೆಗೆ ಹೋಗಿ ಹುಲಿಯ ಚರ್ಮವನ್ನು ಹಾಸಿ ತೋರಿಸಿದರು. ಅವಳಿಗೆ ಮಾತು ಮರಳಿತು. ಊರವರನ್ನೆಲ್ಲ ಕೂಗಿ ಕರೆಯುತ್ತ ಓಡಾಡಿದಳು. ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ಟರು ಅವರಿಗೆ ರಿಗ್ಬಿ ಕಂಪನಿಯ ಒಂದು ರೈಫಲನ್ನು ಕಾಣಿಕೆಯಾಗಿ ಕೊಟ್ಟರು. ಯಾವ ಕಾಣಿಕೆ ಹೆಚ್ಚಿನದೆಂದು ಕಾರ್ಬೆಟ್ಟರನ್ನು ಕೇಳಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ತಹಸೀಲ್ದಾರರು ಒಂದು ದಿನದ ಮಟ್ಟಿಗೆ ಕಣ್ಣುಮುಚ್ಚಿಕೊಳ್ಳಬೇಕಾದ ಪ್ರಮೇಯ ಬಂದುದಾದರೂ ಏಕೆ? 1878ರ ಶಸ್ತ್ರ ಕಾಯಿದೆ ಭಾರತೀಯನು ಕೋವಿ ಇಟ್ಟುಕೊಳ್ಳಲು ಪರವಾನಗಿಯನ್ನು ಕಡ್ಡಾಯ ಮಾಡಿ ಐರೋಪ್ಯರಿಗೆ ವಿನಾಯಿತಿ ಕೊಟ್ಟಿತ್ತು. ಅದಕ್ಕೂ ಮೊದಲು, 1857ರಲ್ಲಿ, ನಿಶ್ಶಸ್ತ್ರೀಕರಣದ ಆಜ್ಞೆಗೆ ತಲೆಬಾಗದ ಹಲಗಲಿಯ ಬೇಡರು ಏನಾದರೆಂಬುದನ್ನು ನಮ್ಮ ಲಾವಣಿಕಾರರು ಹಾಡಿ ಉಳಿಸಿದ್ದಾರೆ. ಆಳುವವರಿಗೆ ಪ್ರಜೆಯ ಕೈಯ ಆಯುಧ ದಂಗೆಯ ಸಾಧನವಾಗಿ ಕಂಡಿತೇ ಹೊರತು ಹೊಲವನ್ನೂ ಮಕ್ಕಳನ್ನೂ ಕಾಯುವ ಸಾಧನವಾಗಿ ಕಾಣಲಿಲ್ಲ. ಕಾರ್ಬೆಟ್ಟರು ಆ ಪಕ್ಷಪಾತದ ಫಲಾನುಭವಿಗಳು. ಅವರು ರೈಫಲು ಹಿಡಿದು ಕಾವಲು ನಿಂತ ಹಳ್ಳಿಯಲ್ಲಿ ಅದೇ ರೈಫಲು ಹಳ್ಳಿಗನ ಕೈಯಲ್ಲಿದ್ದಿದ್ದರೆ ಅದು ಅಪರಾಧವಾಗುತ್ತಿತ್ತು. ಸವಲತ್ತನ್ನು ಅವರು ಸದುಪಯೋಗಪಡಿಸಿದರೆಂಬುದು ನಿಜ. ಸವಲತ್ತು ಅನ್ಯಾಯದ್ದೆಂಬುದೂ ಅಷ್ಟೇ ನಿಜ.

ಹಾಗೆಂದು ಕೋವಿಗಳ ಸಂಖ್ಯೆ ಹೆಚ್ಚಿದರೆ ಊರು ತಾನಾಗಿ ಸುರಕ್ಷಿತವಾಗುತ್ತದೆಯೆ? ಇದಕ್ಕೆ ಉತ್ತರ ರುದ್ರಪ್ರಯಾಗದಲ್ಲಿದೆ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸತ್ತವರನ್ನೆಲ್ಲ ವಿಧಿವತ್ತಾಗಿ ದಹಿಸಲಾಗದೆ, ಬಾಯಿಗೆ ಕೆಂಡವಿಟ್ಟು ಕಣಿವೆಗೆ ತಳ್ಳುತ್ತಿದ್ದರು. ಚಿರತೆಗಳಿಗೆ ಮನುಷ್ಯಮಾಂಸದ ರೂಢಿಯಾದದ್ದು ಹೀಗೆ ಎಂಬುದು ಕಾರ್ಬೆಟ್ಟರ ಅಭಿಪ್ರಾಯ. ಹಾವಳಿ ಮಿತಿಮೀರಿದಾಗ ಸರ್ಕಾರ ಗಢವಾಲಿನಲ್ಲಿ ಅದಾಗಲೇ ಇದ್ದ ಸುಮಾರು 4,000 ಕೋವಿ ಪರವಾನಗಿಗಳಲ್ಲದೆ ಇನ್ನೂ ಸುಮಾರು 300 ವಿಶೇಷ ಪರವಾನಗಿಗಳನ್ನು ಕೊಟ್ಟಿತು. ರಜೆಯಲ್ಲಿ ಊರಿಗೆ ಬರುವ ಸೈನಿಕರು ರೈಫಲುಗಳನ್ನು ತರಲು ಅನುಮತಿ ದೊರೆಯಿತು. 10,000 ರೂಪಾಯಿ ಮತ್ತು ಎರಡು ಗ್ರಾಮಗಳ ಬಹುಮಾನವೂ ಘೋಷಣೆಯಾಯಿತು. ವಿಷವನ್ನಿಟ್ಟರು, ಬೋನನ್ನೊಡ್ಡಿದರು. 1921ರಲ್ಲಿ ಇಬ್ಬರು ಅಧಿಕಾರಿಗಳು ರುದ್ರಪ್ರಯಾಗದ ತೂಗುಸೇತುವೆಯ ಮೇಲೆ ಕಾದು ಕುಳಿತು ಗುಂಡು ಹಾರಿಸಿದರು. ಅದು ಪಾದಕ್ಕೆ ತಗುಲಿತು, ಚಿರತೆ ಪಾರಾಯಿತು. ಸಾವಿರಾರು ಕೋವಿಗಳ ನಡುವೆ ಅದು ಎಂಟು ವರ್ಷ ಬದುಕಿತು.

ಭಯಗ್ರಸ್ತವಾದ ಜನಸಮುದಾಯ ತನ್ನನ್ನು ತಾನು ರಕ್ಷಿಸಿಕೊಳ್ಳಲು ಹೊರಟಾಗ ಎಡವುವ ಬಗೆಗಳೂ ಅಲ್ಲಿ ಕಾಣಿಸಿಕೊಂಡವು. ಒಮ್ಮೆ ಚಿರತೆಯನ್ನು ಗುಹೆಯೊಂದರಲ್ಲಿ ಕಲ್ಲುಮುಳ್ಳುಗಳಿಂದ ಮುಚ್ಚಿದರು. ದಿನಗಳು ಕಳೆದ ಮೇಲೆ ಪ್ರತಿಷ್ಠಿತನೊಬ್ಬ ಬಂದು, ಒಳಗೆ ಏನೂ ಇಲ್ಲವೆಂದು ಮೂದಲಿಸುತ್ತ ಮುಳ್ಳನ್ನು ತೆಗೆದನು. ಸುಮಾರು 500 ಜನ ನೆರೆದಿದ್ದ ಗುಂಪಿನ ನಡುವೆಯೇ ಚಿರತೆ ನುಗ್ಗಿ ಪಾರಾಯಿತು. ಇನ್ನೊಮ್ಮೆ, ರಾತ್ರಿಯಲ್ಲಿ ಚಿರತೆಯ ರೂಪ ತಾಳುವವನೆಂದು ಒಬ್ಬ ಸಾಧುವನ್ನು ಹಿಡಿದು ಉದ್ರಿಕ್ತ ಜನ ಕೊಲ್ಲಲು ನಿಂತರು. ಅಲ್ಲಿದ್ದ ಅಧಿಕಾರಿಯೊಬ್ಬರು ಸಮಯಸ್ಫೂರ್ತಿಯಿಂದ, ಸಾಧುವನ್ನು ಕೆಲವು ದಿನ ಕಾವಲಿನಲ್ಲಿಟ್ಟು ನೋಡೋಣವೆಂದು ಒಪ್ಪಿಸಿದರು. ಎಂಟನೆಯ ಬೆಳಗ್ಗೆ ಬೇರೊಂದೆಡೆ ಮನುಷ್ಯಬಲಿಯಾದ ಸುದ್ದಿ ಬಂದಿತು, ಸಾಧು ಬದುಕಿಕೊಂಡನು. ಸ್ವಲ್ಪ ಕಾಯಿರಿ ಎಂದು ಹೇಳಬಲ್ಲ ಒಬ್ಬ ಮನುಷ್ಯ ಅಂದು ಆ ಊರಿನಲ್ಲಿ ಇಲ್ಲದಿದ್ದರೆ ಚಿರತೆಯ ಪಟ್ಟಿಗೆ ಸೇರದ ಒಂದು ಕೊಲೆ ನಡೆದುಹೋಗುತ್ತಿತ್ತು.

ಇದಕ್ಕೆ ಪ್ರತಿಯಾಗಿ ಗುಲಾಬ್‌ರಾಯ್ ತಂಗುದಾಣದ ಪಂಡಿತನ ಸಂಗತಿಯನ್ನು ನೆನೆಯಬೇಕು. ಸೆಕೆಯ ರಾತ್ರಿ ಹೊರಗೆ ಮಲಗಿದ್ದ ಅವನ ಗಂಟಲನ್ನು ಚಿರತೆ ಹಿಡಿಯಿತು. ಅವನು ಒದ್ದು ಕೊಡವಿಕೊಂಡು ತತ್ತರಿಸಿದಾಗ ಒಳಗಿದ್ದ ಯಾತ್ರಿಕರು ಅವನನ್ನು ಒಳಕ್ಕೆಳೆದುಕೊಂಡು ಬಾಗಿಲು ಹಾಕಿದರು. ಎಲ್ಲಿಂದಲೋ ಬಂದ, ಅವನ ಭಾಷೆಯೂ ಬಾರದಿರಬಹುದಾದ ಜನ. ಹೊರಗೆ ಚಿರತೆ ಬಾಗಿಲನ್ನು ಪರಚುತ್ತಿತ್ತು. ಬೆಳಗಾದ ಮೇಲೆ ಅವರೇ ಅವನನ್ನು ರುದ್ರಪ್ರಯಾಗದ ಆಸ್ಪತ್ರೆಗೆ ಹೊತ್ತೊಯ್ದರು. ಮೂರು ತಿಂಗಳು ಬೆಳ್ಳಿಯ ನಳಿಕೆಯ ಮೂಲಕ ಆಹಾರ ಕೊಟ್ಟು ಅವನನ್ನು ಉಳಿಸಲಾಯಿತು. ಆ ಯಾತ್ರಿಕರ ಬಳಿ ಕೋವಿ ಇರಲಿಲ್ಲ. ಬಾಗಿಲು ತೆರೆಯುವ ಎದೆಯಿತ್ತು. ಅವರಲ್ಲಿ ಯಾರ ಹೆಸರೂ ಉಳಿದಿಲ್ಲ.

ಕಾರ್ಬೆಟ್ಟರು 1925ರ ಶರತ್ಕಾಲದಲ್ಲಿ ಅಲ್ಲಿಗೆ ಬಂದು ವಾರಗಟ್ಟಲೆ ಪ್ರಯತ್ನಿಸಿ ಸೋತು ಹಿಂದಿರುಗಿದರು. ಮರುವಸಂತದಲ್ಲಿ ಮತ್ತೆ ಬಂದರು. ಗಢವಾಲಿನ ಡೆಪ್ಯುಟಿ ಕಮಿಷನರ್ ಇಬ್ಬಟ್‌ಸನ್ನರು ಅವರ ಸಂಗಾತಿ. ಸೇತುವೆಯ ಗೋಪುರದ ಮೇಲೆ ಅವರು ಇಪ್ಪತ್ತು ರಾತ್ರಿಗಳನ್ನು ಗಾಳಿಯಲ್ಲಿ ನಡುಗುತ್ತ ಕಳೆದರು. ಕೊನೆಗೆ ಅದೇ ಗುಲಾಬ್‌ರಾಯ್ ಬಳಿಯ ಮಾವಿನ ಮರವನ್ನೇರಿ, ಕೆಳಗೆ ಗಂಟೆ ಕಟ್ಟಿದ ಆಡೊಂದನ್ನಿಟ್ಟು ಕಾದರು. ಹತ್ತು ರಾತ್ರಿ ವ್ಯರ್ಥವಾದವು. ಹನ್ನೊಂದನೆಯ ರಾತ್ರಿ, 1926ರ ಮೇ ತಿಂಗಳ ಆರಂಭದಲ್ಲಿ, ಗಂಟೆ ಅಲುಗಿತು. ಟಾರ್ಚಿನ ಒಂದು ಕ್ಷಣದ ಬೆಳಕಿನಲ್ಲಿ ಅವರು ಒಂದೇ ಗುಂಡು ಹಾರಿಸಿದರು. ಬೆಳಗ್ಗೆ ಅವರೆದುರು ಬಿದ್ದಿದ್ದದ್ದು ಪಿಶಾಚಿಯಲ್ಲ. ಏಳೂವರೆ ಅಡಿ ಉದ್ದದ, ಹಲ್ಲು ಸವೆದ ಒಂದು ಮುದಿ ಚಿರತೆ. ಹಿಂಗಾಲಿನ ಪಾದದಲ್ಲಿ ಸೇತುವೆಯ ಮೇಲೆ ತಿಂದ ಗುಂಡಿನ ಹಳೆಯ ಗುರುತಿತ್ತು. ಅದನ್ನು ಬಯ್ಯುವ ಒಂದು ಮಾತನ್ನೂ ಅವರು ಬರೆಯಲಿಲ್ಲ. ಜನ ಹೂವು ತಂದು ಅವರ ಕಾಲಿಗೆ ಸುರಿದರು. ಈ ಕಥೆಯನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದರಿಂದ ಇಲ್ಲಿ ವಿಸ್ತರಿಸುವುದು ಅನಗತ್ಯ.

ಅಜಾಗರೂಕತೆಯ ಬೆಲೆಯನ್ನು ಅವರು ಸ್ವತಃ ತೆತ್ತದ್ದೂ ಉಂಟು. 1929ರಲ್ಲಿ ಆನೆಗಳ ಮೇಲೆ ಕುಳಿತು ಹೊರಟ ಬೇಟೆಯೊಂದರಲ್ಲಿ ಸಹಚರರೊಬ್ಬರ ಭಾರೀ ರೈಫಲು ಆಕಸ್ಮಿಕವಾಗಿ ಅವರ ಕಿವಿಯ ಬಳಿಯೇ ಸಿಡಿದು ಕಿವಿಯ ತಮಟೆ ಹರಿಯಿತು. ಒಳಗೆ ಕೀವು ತುಂಬಿ, ತಲೆ ಊದಿಕೊಂಡು, ಒಂದು ಕಣ್ಣು ಮುಚ್ಚಿಹೋದಂತಿದ್ದಾಗಲೂ ಅವರು ತಲ್ಲಾದೇಶದ ನರಭಕ್ಷಕದ ಬೆನ್ನು ಹತ್ತಿದರು. ಆ ರೈಫಲು ಹಿಡಿದಿದ್ದವರನ್ನು ಅವರು ದೂರಲಿಲ್ಲ.

1938ರಲ್ಲಿ ಅರವತ್ಮೂರರ ವಯಸ್ಸಿನಲ್ಲಿ ಅವರು ತಮ್ಮ ಕೊನೆಯ ನರಭಕ್ಷಕವನ್ನು, ಠಾಕ್ ಗ್ರಾಮದ ಹೆಣ್ಣುಹುಲಿಯನ್ನು, ಕೊಂದರು. ಅದರ ಮೈಯಲ್ಲಿಯೂ ಹಳೆಯ ಗುಂಡಿನ ಗಾಯಗಳೆರಡಿದ್ದವು, ಒಂದು ಕೀವುಗಟ್ಟಿತ್ತು. ಮೂವತ್ತೊಂದು ವರ್ಷಗಳ ಈ ದುಡಿಮೆಯ ಮೊದಲ ಹುಲಿಯನ್ನೂ ಕೊನೆಯ ಹುಲಿಯನ್ನೂ ನರಭಕ್ಷಕವನ್ನಾಗಿ ಮಾಡಿದ್ದು ಮನುಷ್ಯನ ಕೋವಿ. ಗಾಯಗೊಳಿಸಿದ ಮೃಗವನ್ನು ಹಿಂಬಾಲಿಸಿ ಮುಗಿಸದೆ ಬಿಡುವುದೇ ನರಭಕ್ಷಕಗಳ ಹುಟ್ಟಿಗೆ ಒಂದು ಮುಖ್ಯ ಕಾರಣವೆಂದು ಅವರು ತಮ್ಮ ಗ್ರಂಥದ ಆರಂಭದಲ್ಲಿಯೇ ವಿವರಿಸಿದ್ದಾರೆ. ಹತ್ತು ವರ್ಷದ ಹುಡುಗ ನೆತ್ತರ ಜಾಡು ಹಿಡಿದು ಹೋದುದರ ಅರ್ಥ ಇಲ್ಲಿ ತಿಳಿಯುತ್ತದೆ.

ಮಿಕ್ಕ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ಅವರು 500 ಮಂದಿ ಕುಮಾವೂನಿಗಳ ಕಾರ್ಮಿಕ ತುಕಡಿಯನ್ನು ಕಟ್ಟಿ ಫ್ರಾನ್ಸಿಗೆ ಕರೆದೊಯ್ದರು. ಒಬ್ಬನನ್ನುಳಿದು ಎಲ್ಲರನ್ನೂ ಜೀವಂತವಾಗಿ ಮನೆಗೆ ಮುಟ್ಟಿಸಿದರು. ಎರಡನೆಯ ಯುದ್ಧದಲ್ಲಿ ಸೈನಿಕರಿಗೆ ಕಾಡಿನಲ್ಲಿ ಬದುಕುವ ವಿದ್ಯೆಯನ್ನು ಕಲಿಸಿದರು. ಗೆಳೆಯರೊಡನೆ ಹೋಗಿ ನೂರಾರು ನೀರುಹಕ್ಕಿಗಳನ್ನು ವಿನೋದಕ್ಕಾಗಿ ಕೊಂದುದನ್ನು ಕಂಡು ಮನಸ್ಸು ಕದಡಿ, ಅರಣ್ಯಾಧಿಕಾರಿ ಚಾಂಪಿಯನ್ನರ ಮಾದರಿಯಂತೆ ಕೋವಿಯ ಬದಲು ಕ್ಯಾಮೆರಾ ಹಿಡಿದರು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗುವಲ್ಲಿ ಅವರ ಶ್ರಮವಿತ್ತು. 1957ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು. 1944ರಲ್ಲಿ ಪ್ರಕಟವಾದ ಕುಮಾವೂನಿನ ನರಭಕ್ಷಕಗಳ ಗ್ರಂಥದಿಂದ ಬಂದ ಮೊದಲ ಗೌರವಧನವನ್ನು ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರ ಸಂಸ್ಥೆಗೆ ಅರ್ಪಿಸಿದರು.

ಕಾಲಾಢುಂಗಿಯ ಬಳಿ 1915ರಲ್ಲಿ ಕೊಂಡ ಛೋಟೀ ಹಲ್ದ್ವಾನಿ ಎಂಬ ಗ್ರಾಮ ಅವರ ನಿಜವಾದ ಮನೆ. ಪಾಳುಬಿದ್ದ ಭೂಮಿಗೆ ಒಕ್ಕಲುಗಳನ್ನು ತಂದು ನೆಲೆಗೊಳಿಸಿದರು. ಕಾಡುಹಂದಿಗಳಿಂದ ಬೆಳೆಯನ್ನು ಉಳಿಸಲು ಊರಿನ ಸುತ್ತಲೂ ಮೈಲಿಗಟ್ಟಲೆ ಉದ್ದದ ಕಲ್ಲಿನ ಗೋಡೆಯನ್ನು ಕಟ್ಟಿಸಿದರು. ಊರಿನ ಮುಖಂಡನಿಗೆ ಬೆಳೆ ಕಾಯಲೆಂದು ಒಂದು ಕೋವಿಯನ್ನೂ ಕೊಟ್ಟರು. ಮೊದಲು ಗೋಡೆ, ಅದನ್ನು ದಾಟಿ ಬಂದದ್ದಕ್ಕೆ ಮಾತ್ರ ಕೋವಿ. ಇಡೀ ಊರಿಗೆ ಒಂದೇ ಆದುದರಿಂದ ಅದು ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಬೆಳೆಯನ್ನು ಕಾಯುವುದಕ್ಕಾಗಿ ಕೋವಿಯ ಪರವಾನಗಿ ಪಡೆದಿರುವ ಮಲೆನಾಡಿನ ನಮ್ಮ ರೈತಬಂಧುಗಳಿಗೆ ಈ ಏರ್ಪಾಡಿನ ವಿವೇಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1947ರ ನವೆಂಬರಿನಲ್ಲಿ ಅವರು ಸೋದರಿ ಮ್ಯಾಗಿಯೊಡನೆ ಭಾರತವನ್ನು ಬಿಟ್ಟು ಪೂರ್ವ ಆಫ್ರಿಕದ ಕೆನ್ಯಾಕ್ಕೆ ಹೊರಟರು. ಹೊರಡುವ ಮುನ್ನ ತಮ್ಮ ಹಳೆಯ ರೈಫಲುಗಳಲ್ಲಿಯೂ ಕೋವಿಗಳಲ್ಲಿಯೂ ಕೆಲವನ್ನು ಕಾಡಿನೊಳಕ್ಕೆ ಕೊಂಡೊಯ್ದು ಮಣ್ಣಿನಲ್ಲಿ ಹೂಳಿದರು. ಮಾರಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು; ಕೊಂಡವನ ಕೈ ಎಂತಹದೆಂದು ಬಲ್ಲವರಾರು? ಕಾಡು ಕಲಿಸಿದ ವಿದ್ಯೆಯ ಉಪಕರಣಗಳು ಕಾಡಿಗೇ ಹೋದವು. ಗ್ರಾಮದ ಭೂಮಿಯನ್ನು ಒಕ್ಕಲುಗಳಿಗೇ ಬಿಟ್ಟುಕೊಟ್ಟರು. ಕೆನ್ಯಾದ ನ್ಯೇರಿ ಎಂಬಲ್ಲಿ ಒಂದು ಚಿಕ್ಕ ಮನೆಯಲ್ಲಿ ಕುಳಿತು ಭಾರತದ ಬಡವರನ್ನೂ ಕಾಡಿನ ಪಾಠಗಳನ್ನೂ ಕುರಿತು ಗ್ರಂಥಗಳನ್ನು ಬರೆದರು. 1955ನೆಯ ಏಪ್ರಿಲ್ 19ರಂದು ಅಲ್ಲಿಯೇ ನಿಧನರಾದರು. ಆ ದಿನದವರೆಗೂ ಛೋಟೀ ಹಲ್ದ್ವಾನಿಯ ಒಕ್ಕಲುಗಳ ಭೂಕಂದಾಯವನ್ನು ಸಮುದ್ರದಾಚೆಯಿಂದ ಅವರೇ ಕಟ್ಟುತ್ತಿದ್ದರು.